ಎಕ್ಸ್, ವೈ ಸರಿ, ಝಡ್ ಮಾತ್ರ ಕೈಕೊಡುತ್ತಿದೆಯೇ? ಮೂರು ಆಯಾಮದ ಕಣ ಟ್ರ್ಯಾಕಿಂಗ್ ದೋಷ ನಿವಾರಣೆ

ಮೈಕ್ರೋಸ್ಕೋಪಿನಲ್ಲಿ ಸಣ್ಣ ಕಣಗಳ ಓಡಾಟವನ್ನು ಮೂರು ಆಯಾಮದಲ್ಲಿ ಹಿಡಿಯಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ. ಎಕ್ಸ್ ಮತ್ತು ವೈ, ಅಂದರೆ ಚಿತ್ರದ ಅಡ್ಡ ದಿಕ್ಕುಗಳು, ಚೆನ್ನಾಗಿ ಬರುತ್ತವೆ, ಝಡ್, ಅಂದರೆ ಎತ್ತರ, ಮಾತ್ರ ನಂಬುವ ಹಾಗಿಲ್ಲ. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದು ಆಗುತ್ತದೆ. ಝಡ್ ನೋಡಲು ಚೆನ್ನಾಗಿಯೇ ಇರುತ್ತದೆ, ಗ್ರಾಫ್ ನುಣುಪಾಗಿರುತ್ತದೆ, ಆದರೆ ಅಂಕಿ ಪೂರ್ತಿ ತಪ್ಪಾಗಿರುತ್ತದೆ. ಈ ಎರಡನೇ ಬಗೆಯ ದೋಷವೇ ಜಾಸ್ತಿ ಅಪಾಯ, ಯಾಕಂದ್ರೆ ಅದು ಸದ್ದು ಮಾಡುವುದಿಲ್ಲ.

ಕಾರಣ ಸರಳ. ಕ್ಯಾಮೆರಾ ಕೊಡುವುದು ಚಪ್ಪಟೆ ಚಿತ್ರ. ಎಕ್ಸ್, ವೈ ನೇರವಾಗಿ ಪಿಕ್ಸೆಲ್ ಮೇಲೆ ಕಾಣುತ್ತವೆ. ಝಡ್ ಕಾಣುವುದಿಲ್ಲ. ಕಣದ ಚಿತ್ರವಾದ ಚುಕ್ಕೆ ಎಷ್ಟು ಅಗಲವಾಯಿತು, ಯಾವ ಕಡೆ ಎಳೆದುಕೊಂಡಿತು, ಸುತ್ತ ಎಷ್ಟು ಬಳೆ ಬಂತು ಎಂಬುದನ್ನು ನೋಡಿ ನಾವು ಅದನ್ನು ಲೆಕ್ಕ ಹಾಕುತ್ತೇವೆ. ಹೀಗಾಗಿ ಪ್ರತಿಯೊಂದು ಝಡ್ ಬೆಲೆಯ ಹಿಂದೆಯೂ ಒಂದು ಕ್ಯಾಲಿಬ್ರೇಶನ್, ಅಂದರೆ ಚುಕ್ಕೆಯ ಯಾವ ಆಕಾರಕ್ಕೆ ಎಷ್ಟು ಎತ್ತರ ಎಂದು ಮೊದಲೇ ಅಳೆದಿಟ್ಟ ಗೆರೆ, ಇರುತ್ತದೆ. ಅದು ತಪ್ಪಿದರೆ ಎಲ್ಲವೂ ಒಟ್ಟಿಗೆ ತಪ್ಪುತ್ತವೆ. ಜೊತೆಗೆ ಬೆಳಕಿನ ಮಿತಿಯೂ ಇದೆ. ನ್ಯೂಮರಿಕಲ್ ಅಪರ್ಚರ್ (ಲೆನ್ಸ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬ ಅಳತೆ) 1.4 ಇರುವ ಆಯಿಲ್ ಆಬ್ಜೆಕ್ಟಿವ್‌ನಲ್ಲಿ (ಗಾಜಿಗೂ ಲೆನ್ಸಿಗೂ ನಡುವೆ ಎಣ್ಣೆ ಹಾಕುವ ಮೈಕ್ರೋಸ್ಕೋಪ್ ಲೆನ್ಸ್) 520 ನ್ಯಾನೊಮೀಟರ್ ಬೆಳಕಿಗೆ ಚುಕ್ಕೆಯ ಅಡ್ಡಗಲ ಸುಮಾರು 200 ನ್ಯಾನೊಮೀಟರ್. ಎತ್ತರದ ದಿಕ್ಕಿನಲ್ಲಿ ಅದೇ ಚುಕ್ಕೆ ಸುಮಾರು 800 ನ್ಯಾನೊಮೀಟರ್ ಉದ್ದ ಇರುತ್ತದೆ. ಝಡ್ ನಿಖರತೆ ಎಕ್ಸ್, ವೈಗಿಂತ ಎರಡು ಮೂರು ಪಟ್ಟು ಕಡಿಮೆ ಇದ್ದರೆ ಗಾಬರಿ ಬೇಡ, ಅದು ದೋಷ ಅಲ್ಲ. ಹತ್ತು ಪಟ್ಟು ಕಡಿಮೆ ಇದ್ದರೆ ಮುಂದೆ ಓದಿ.

ಮೊದಲು ಮೂರು ಪರೀಕ್ಷೆ, ಆಮೇಲೆ ಸಾಫ್ಟ್‌ವೇರ್

ತೊಂದರೆ ಬಂದ ತಕ್ಷಣ ಹೆಚ್ಚಿನವರ ಕೈ ಹೋಗುವುದು ಟ್ರ್ಯಾಕಿಂಗ್ ಪ್ರೋಗ್ರಾಮಿನ ಸೆಟ್ಟಿಂಗ್‌ಗಳಿಗೆ. ಥ್ರೆಶೋಲ್ಡ್ ಬದಲಿಸುತ್ತಾರೆ, ಫಿಲ್ಟರ್ ಹಾಕುತ್ತಾರೆ, ಟ್ರ್ಯಾಕ್‌ಮೇಟ್ ಎಂಬ ಪ್ರೋಗ್ರಾಮ್ ಬಿಟ್ಟು ಟ್ರ್ಯಾಕ್‌ಪೈ ಎಂಬುದನ್ನು ಹಿಡಿಯುತ್ತಾರೆ. ನನ್ನ ಪ್ರಕಾರ ಸಾಫ್ಟ್‌ವೇರ್ ಮುಟ್ಟುವುದು ಕೊನೆಗೆ. ಫಿಲ್ಟರ್ ಹಾಕಿದರೆ ದೋಷ ಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೇ.

ಮೊದಲನೇ ಪರೀಕ್ಷೆ ಅಲುಗದ ಬೀಡ್. ಕವರ್‌ಸ್ಲಿಪ್‌ಗೆ (ಮಾದರಿಯ ತೆಳು ಗಾಜು) ಗಟ್ಟಿಯಾಗಿ ಅಂಟಿದ ಫ್ಲೋರೊಸೆಂಟ್ ಬೀಡನ್ನು, ಅಂದರೆ ಹೊಳೆಯುವ ಪುಟ್ಟ ಗೋಲಿಯನ್ನು, ಕೆಲವು ನಿಮಿಷ ರೆಕಾರ್ಡ್ ಮಾಡಿ ಟ್ರ್ಯಾಕ್ ಮಾಡಿ. ಅದು ಚಲಿಸಿದಂತೆ ಕಂಡದ್ದೆಲ್ಲ ಉಪಕರಣದ್ದು.

ಎರಡನೆಯದು ಗೊತ್ತಿರುವ ಚಲನೆ. ಅದೇ ಬೀಡನ್ನು ಪೀಜೊ ಸ್ಟೇಜ್‌ನಿಂದ (ವಿದ್ಯುತ್ತಿನಿಂದ ನ್ಯಾನೊಮೀಟರ್ ಲೆಕ್ಕದಲ್ಲಿ ಸರಿಯುವ ಮಾದರಿಯ ಪೀಠ) 100 ನ್ಯಾನೊಮೀಟರ್ ಮೆಟ್ಟಿಲುಗಳಲ್ಲಿ ಮೇಲೆ ಕೆಳಗೆ ಮಾಡಿ. ಟ್ರ್ಯಾಕ್ ಆದ ಝಡ್‌ನಲ್ಲಿ ಅದೇ ಮೆಟ್ಟಿಲು ಕಾಣಬೇಕು.

ಮೂರನೆಯದು ನೀರಿನಲ್ಲಿ ತೇಲುವ ಬೀಡ್. ಅದರ ಗಾತ್ರ ಗೊತ್ತು, ನೀರಿನ ಸ್ನಿಗ್ಧತೆ ಗೊತ್ತು, ಹಾಗಾಗಿ ಅದು ಎಷ್ಟು ಬೇಗ ಹರಡಿಕೊಳ್ಳಬೇಕು ಎಂಬುದೂ ಗೊತ್ತು. ಐನ್‌ಸ್ಟೈನ್ 1905ರಲ್ಲಿ ಕೊಟ್ಟ ಲೆಕ್ಕ ಅದು. 200 ನ್ಯಾನೊಮೀಟರ್ ವ್ಯಾಸದ ಬೀಡ್‌ಗೆ 20 ಡಿಗ್ರಿ ನೀರಿನಲ್ಲಿ ಡಿಫ್ಯೂಷನ್, ಅಂದರೆ ಈ ಹರಡಿಕೆಯ ಅಳತೆ, ಸೆಕೆಂಡಿಗೆ ಸುಮಾರು 2.1 ಚದರ ಮೈಕ್ರಾನ್. ಎಕ್ಸ್, ವೈ, ಝಡ್ ಮೂರರಲ್ಲೂ ಇದೇ ಬರಬೇಕು.

ಮೂರನ್ನೂ ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದರಲ್ಲೇ ಬಿದ್ದರೆ ಮೂರನೆಯದನ್ನು ಮಾಡುವ ಅರ್ಥ ಇಲ್ಲ. ನಿಮ್ಮ ನಿಜವಾದ ಮಾದರಿ, ಅಂದರೆ ಜೀವಕೋಶವೋ ಜೆಲ್ಲೋ, ಈ ಮೂರು ಪಾಸಾಗುವ ತನಕ ಫ್ರಿಜ್ಜಿನಲ್ಲೋ ಇನ್‌ಕ್ಯುಬೇಟರಿನಲ್ಲೋ ಇರಲಿ.

ಅಂಟಿಸಿದ ಬೀಡ್ ನಡುಗುತ್ತಿದೆ

ನಡುಕ ಎಲ್ಲಿಂದ ಬಂತು ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಬೆಳಕನ್ನು ನಾಲ್ಕು ಪಟ್ಟು ಮಾಡಿ, ಬೇರೇನನ್ನೂ ಬದಲಿಸಬೇಡಿ. ಬೀಡ್‌ನಿಂದ ಬರುವ ಫೋಟಾನ್ ನಾಲ್ಕು ಪಟ್ಟಾದರೆ ಸ್ಥಾನದ ನಾಯ್ಸ್ (ಅಳತೆಯ ಏರುಪೇರು) ಅರ್ಧಕ್ಕೆ ಇಳಿಯಬೇಕು. ನಿಖರತೆ ಫೋಟಾನ್ ಎಣಿಕೆಯ ವರ್ಗಮೂಲದಂತೆ ಸುಧಾರಿಸುತ್ತದಲ್ವಾ, ಅದಕ್ಕೆ. ಅರ್ಧಕ್ಕೆ ಇಳಿದರೆ ನಿಮ್ಮ ತೊಂದರೆ ಬೆಳಕಿನ ಕೊರತೆ. ಎಕ್ಸ್‌ಪೋಷರ್, ಲೇಸರ್, ಫಿಲ್ಟರ್, ಹಿನ್ನೆಲೆ ಬೆಳಕು, ಇವುಗಳನ್ನು ನೋಡಿ. ಇಳಿಯದೆ ಹಾಗೇ ಉಳಿದರೆ ಬೀಡ್ ಅಥವಾ ಮೈಕ್ರೋಸ್ಕೋಪ್ ನಿಜವಾಗಿಯೇ ಅಲುಗುತ್ತಿದೆ.

ಆಗ ಇನ್ನೊಂದು ಹೆಜ್ಜೆ. ಒಂದೇ ಫ್ರೇಮಿನಲ್ಲಿ ಎರಡು ಬೀಡ್ ಟ್ರ್ಯಾಕ್ ಮಾಡಿ, ಒಂದರ ಸ್ಥಾನದಿಂದ ಇನ್ನೊಂದನ್ನು ಕಳೆಯಿರಿ. ವ್ಯತ್ಯಾಸ ಶಾಂತವಾಗಿದ್ದರೆ ಇಡೀ ಮಾದರಿ ಒಟ್ಟಿಗೆ ಅಲುಗುತ್ತಿದೆ, ತಪ್ಪು ಸ್ಟೇಜಿನದೋ ಮೇಜಿನದೋ. ವ್ಯತ್ಯಾಸವೂ ನಡುಗುತ್ತಿದ್ದರೆ ಯಾವುದೋ ಒಂದು ಬೀಡ್ ಸರಿಯಾಗಿ ಅಂಟಿಲ್ಲ. ಇದು ಬಹಳ ಸಾಮಾನ್ಯ. ಕಾರ್ಬಾಕ್ಸಿಲ್ ಲೇಪನದ ಬೀಡ್‌ಗೂ ಗಾಜಿಗೂ ಎರಡಕ್ಕೂ ಋಣ ವಿದ್ಯುದಂಶ ಇರುತ್ತದೆ, ಒಂದನ್ನೊಂದು ತಳ್ಳುತ್ತವೆ. ನೀರಿಗೆ ಸ್ವಲ್ಪ ಉಪ್ಪು ಸೇರಿಸಿ, ಅಥವಾ ಗಾಜಿಗೆ ಪಾಲಿಲೈಸಿನ್ ಹಚ್ಚಿ. ಒಂದೇ ಬಿಂದುವಿನಲ್ಲಿ ಅಂಟಿಕೊಂಡು ಉಳಿದ ಮೈಯೆಲ್ಲ ಆಡುವ ಬೀಡ್ ಕಣ್ಣಿಗೆ ಸ್ಥಿರವಾಗಿಯೇ ಕಾಣುತ್ತದೆ. ಟ್ರ್ಯಾಕ್ ಮಾಡಿದಾಗಲೇ ಗೊತ್ತಾಗುವುದು.

ಇಡೀ ಮಾದರಿ ಒಟ್ಟಿಗೆ ಅಲುಗುತ್ತಿದೆ ಎಂದಾದರೆ ಅದು ನಿಧಾನದ ಡ್ರಿಫ್ಟ್ ಆಗಿರಬಹುದು, ಬೇಗದ ಕಂಪನ ಆಗಿರಬಹುದು. ಕಂಪನಕ್ಕೆ ಟ್ರ್ಯಾಕಿನ ಫೂರಿಯೆ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದ ಅಲುಗಾಟ ಎಷ್ಟಿದೆ ಎಂಬ ಗ್ರಾಫ್, ತೆಗೆಯಿರಿ. ಯಾವುದಾದರೂ ಆವರ್ತನದಲ್ಲಿ ಚೂಪಾದ ಶಿಖರ ಇದ್ದರೆ ಫ್ಯಾನೋ ಪಂಪೋ ಇರಬೇಕು. ಒಂದೊಂದನ್ನೇ ಆರಿಸಿ ಶಿಖರ ಯಾವಾಗ ಹೋಗುತ್ತದೆ ನೋಡಿ. ಕ್ಯಾಮೆರಾದ ಕೂಲಿಂಗ್ ಫ್ಯಾನನ್ನೂ ಮರೆಯಬೇಡಿ. ಒಂದು ಎಚ್ಚರಿಕೆ: ಸೆಕೆಂಡಿಗೆ 100 ಫ್ರೇಮ್ ತೆಗೆದರೆ 50 ಹರ್ಟ್ಸ್‌ವರೆಗಿನದ್ದು ಮಾತ್ರ ಸರಿಯಾದ ಜಾಗದಲ್ಲಿ ಕಾಣುತ್ತದೆ. ಅದಕ್ಕೂ ಬೇಗದ ಕಂಪನ ಮಡಚಿಕೊಂಡು ಬೇರೆ ಆವರ್ತನದ ವೇಷದಲ್ಲಿ ಬರುತ್ತದೆ. ಫ್ರೇಮ್ ದರ ಸ್ವಲ್ಪ ಬದಲಿಸಿ. ಶಿಖರವೂ ಜಾಗ ಬದಲಿಸಿದರೆ ಅದು ವೇಷಧಾರಿ.

ಡ್ರಿಫ್ಟ್‌ನ ಮೂಲ ಹತ್ತರಲ್ಲಿ ಒಂಬತ್ತು ಸಲ ಉಷ್ಣತೆಯೇ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಪಾಲು ಹಿಗ್ಗುತ್ತದೆ. 50 ಮಿಲಿಮೀಟರ್ ತುಂಡು ಒಂದು ಡಿಗ್ರಿ ಬಿಸಿಯಾದರೆ ಒಂದು ಮೈಕ್ರಾನ್‌ಗಿಂತ ಜಾಸ್ತಿ ಬೆಳೆಯುತ್ತದೆ. ನಾವು ಅಳೆಯಲು ಹೊರಟದ್ದು ಹತ್ತಿಪ್ಪತ್ತು ನ್ಯಾನೊಮೀಟರ್! ಹೀಟರ್, ಲೇಸರ್, ಕ್ಯಾಮೆರಾ ಎಲ್ಲ ಹಾಕಿ ಒಂದೆರಡು ಗಂಟೆ ಬಿಡಿ, ಆಮೇಲೆ ಅಳೆಯಿರಿ. ಎಸಿ ಗಾಳಿ ನೇರವಾಗಿ ಸ್ಟೇಜಿಗೆ ಬೀಳದಂತೆ ನೋಡಿಕೊಳ್ಳಿ. ಸುಮ್ನೆ ಒಂದು ರಟ್ಟಿನ ಡಬ್ಬ ಮುಚ್ಚಿದರೂ ಎಷ್ಟೋ ಸುಧಾರಿಸುತ್ತದೆ.

ಫೋಕಸನ್ನು ತಾನಾಗಿಯೇ ಹಿಡಿದಿಡುವ ಆಟೋಫೋಕಸ್ ಲಾಕ್ ಇದೆ, ಡ್ರಿಫ್ಟ್ ಹೇಗೆ ಬರುತ್ತದೆ ಎಂದು ಕೇಳಬಹುದು. ಹೆಚ್ಚಿನ ಲಾಕ್‌ಗಳು ಗಾಜು ಮತ್ತು ನೀರು ಸೇರುವಲ್ಲಿಂದ ಮರಳಿ ಬರುವ ಇನ್‌ಫ್ರಾರೆಡ್ ಬೆಳಕನ್ನು ಹಿಡಿದು ಕೆಲಸ ಮಾಡುತ್ತವೆ. ಮಾದರಿಯಲ್ಲಿ ಗ್ಲಿಸರಾಲ್ ಜಾಸ್ತಿ ಇದ್ದರೆ ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಂಕಿ) ಗಾಜಿಗೆ ಹತ್ತಿರ ಬಂದು ಆ ಪ್ರತಿಫಲನ ಮಂಕಾಗುತ್ತದೆ, ಲಾಕ್ ತಡವರಿಸುತ್ತದೆ. ಲಾಕ್ ಆನ್ ಆಗಿದ್ದಾಗಲೂ ಚೌಕಟ್ಟಿನೊಳಗೆ ಅಂಟಿದ ಒಂದೆರಡು ಬೀಡ್ ಇಟ್ಟುಕೊಳ್ಳುವುದು ಒಳ್ಳೆಯದು. ಅವುಗಳ ಚಲನೆಯನ್ನು ಎಲ್ಲದರಿಂದ ಕಳೆದರೆ ಆಯಿತು.

ಇನ್ನೊಂದು ಗೊಂದಲ ಇದೆ. ತೇಲುವ ಕಣಗಳೆಲ್ಲ ಒಟ್ಟಿಗೆ ಕೆಳಗಿಳಿಯುತ್ತಿದ್ದರೆ ಅದು ಡ್ರಿಫ್ಟ್ ಆಗಿರಲೇಬೇಕು ಎಂದೇನಿಲ್ಲ. ಒಂದು ಮೈಕ್ರಾನ್ ವ್ಯಾಸದ ಪಾಲಿಸ್ಟೈರೀನ್ ಬೀಡ್ ನೀರಿನಲ್ಲಿ ಸೆಕೆಂಡಿಗೆ ಸುಮಾರು 27 ನ್ಯಾನೊಮೀಟರ್ ತಾನಾಗಿಯೇ ಮುಳುಗುತ್ತದೆ. ಅಷ್ಟೇ ಗಾತ್ರದ ಸಿಲಿಕಾ ಬೀಡ್ ಸುಮಾರು ಅರ್ಧ ಮೈಕ್ರಾನ್. ಇದನ್ನು ಡ್ರಿಫ್ಟ್ ಎಂದು ಕಳೆದುಬಿಟ್ಟರೆ ನಿಜವಾದ ಚಲನೆಯನ್ನೇ ಅಳಿಸಿದ ಹಾಗೆ. ಅಂಟಿದ ಬೀಡ್ ಜೊತೆಗಿದ್ದರೆ ಈ ಗೊಂದಲವೇ ಇಲ್ಲ.

ಝಡ್ ಅಳತೆಯೇ ತಪ್ಪು: ಎಣ್ಣೆ, ಗಾಜು, ನೀರು

ಅತಿ ಹೆಚ್ಚು ಜನ ಬೀಳುವ ಹೊಂಡ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಆಯಿಲ್ ಆಬ್ಜೆಕ್ಟಿವ್‌ನ ಎಣ್ಣೆಯ ವಕ್ರೀಭವನ ಸೂಚ್ಯಂಕ ಸುಮಾರು 1.515, ನೀರಿನದು 1.333. ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ. ಅದರ ಪರಿಣಾಮ ಎರಡು. ಒಂದು, ಸ್ಟೇಜನ್ನು ನೀವು 10 ಮೈಕ್ರಾನ್ ಸರಿಸಿದರೂ ನೀರಿನೊಳಗೆ ಫೋಕಸ್ ಅಷ್ಟು ಸರಿಯುವುದಿಲ್ಲ. ಸರಳ ಲೆಕ್ಕದಲ್ಲಿ 1.333 ಭಾಗಿಸು 1.515, ಅಂದರೆ 8.8 ಮೈಕ್ರಾನ್. ಆದರೆ ಆ ಲೆಕ್ಕ ನಡುವಿನ ಕಿರಣಗಳಿಗೆ ಮಾತ್ರ. ಅಂಚಿನಿಂದ ಬರುವ ಓರೆ ಕಿರಣಗಳು ಇನ್ನೂ ಜಾಸ್ತಿ ಬಾಗುವುದರಿಂದ ದೊಡ್ಡ ಅಪರ್ಚರ್‌ನಲ್ಲಿ ನಿಜವಾದ ಗುಣಕ ಇನ್ನೂ ಕೆಳಗಿರುತ್ತದೆ. ಎರಡು, ಆಳಕ್ಕೆ ಹೋದಂತೆ ಚುಕ್ಕೆಯ ಆಕಾರವೇ ಕೆಡುತ್ತದೆ. ಫೋಕಸ್‌ನ ಮೇಲೂ ಕೆಳಗೂ ಒಂದೇ ರೀತಿ ಕಾಣಬೇಕಾದ ಚುಕ್ಕೆ ಒಂದು ಕಡೆ ಚೂಪಾದ ಬಳೆಗಳಾಗಿ, ಇನ್ನೊಂದು ಕಡೆ ಮಂಕು ಮೋಡವಾಗಿ ಕಾಣುತ್ತದೆ. ಇದಕ್ಕೆ ಗೋಳೀಯ ವಿಪಥನ ಎನ್ನುತ್ತಾರೆ.

ಈಗ ಕ್ಯಾಲಿಬ್ರೇಶನ್ ಹೇಗೆ ಮಾಡಿದ್ದೀರಿ ಯೋಚಿಸಿ. ಬೀಡ್ ಗಾಜಿಗೆ ಅಂಟಿತ್ತು, ಸ್ಟೇಜ್ ಸರಿಸಿದಿರಿ. ಪ್ರಯೋಗದಲ್ಲಿ ಏನಾಗುತ್ತದೆ? ಸ್ಟೇಜ್ ನಿಂತಿರುತ್ತದೆ, ಕಣ ನೀರಿನೊಳಗೆ ಮೇಲೆ ಹೋಗುತ್ತದೆ. ಎರಡೂ ಒಂದೇ ಎಂದು ನಾವು ಅಂದುಕೊಳ್ಳುತ್ತೇವೆ. ಎಣ್ಣೆ ಮತ್ತು ನೀರಿನ ಜೋಡಿಯಲ್ಲಿ ಅವು ಒಂದೇ ಅಲ್ಲ.

ಪತ್ತೆ ಮಾಡುವುದು ಹೀಗೆ. ಇಪ್ಪತ್ತು ಮೂವತ್ತು ಮೈಕ್ರಾನ್ ಎತ್ತರದ ತೆಳು ಚೇಂಬರ್ ಮಾಡಿ, ಕೆಳಗಿನ ಗಾಜಿಗೂ ಮೇಲಿನ ಗಾಜಿಗೂ ಬೀಡ್ ಅಂಟಿಸಿ, ಒಳಗೆ ನೀರು ತುಂಬಿ. ಮೊದಲು ವಾಟರ್ ಇಮ್ಮರ್ಶನ್ ಆಬ್ಜೆಕ್ಟಿವ್‌ನಿಂದ ಎರಡರ ನಡುವಿನ ಅಂತರ ಅಳೆಯಿರಿ. ಅಲ್ಲಿ ಎರಡೂ ಕಡೆ ನೀರೇ ಇರುವುದರಿಂದ ಸ್ಟೇಜ್ ಸರಿದಷ್ಟೇ ಫೋಕಸ್ ಸರಿಯುತ್ತದೆ. ಆಮೇಲೆ ಅದೇ ಜಾಗವನ್ನು ಆಯಿಲ್ ಆಬ್ಜೆಕ್ಟಿವ್‌ನಿಂದ ಅಳೆಯಿರಿ. ಎರಡರ ಅನುಪಾತವೇ ನಿಮ್ಮ ಗುಣಕ. ಪುಸ್ತಕದ ಗುಣಕಕ್ಕಿಂತ ಇದನ್ನು ನಂಬಿ.

ವಾಟರ್ ಆಬ್ಜೆಕ್ಟಿವ್ ಇಲ್ಲದಿದ್ದರೆ ತೇಲುವ ಬೀಡ್‌ನ ಪರೀಕ್ಷೆಯೇ ಸುಳಿವು ಕೊಡುತ್ತದೆ. ಗಾಜಿನಿಂದ ದೂರ ಇರುವ ಬೀಡ್‌ಗೆ ಎಲ್ಲ ದಿಕ್ಕೂ ಒಂದೇ. ಝಡ್ ಡಿಫ್ಯೂಷನ್ ಎಕ್ಸ್‌ನದಕ್ಕಿಂತ 1.56 ಪಟ್ಟು ಬಂದರೆ ಅದರ ವರ್ಗಮೂಲ 1.25. ಅಂದರೆ ನಿಮ್ಮ ಝಡ್ 25 ಶೇಕಡ ಹಿಗ್ಗಿದೆ. ಆದರೆ 'ದೂರ' ಎಂಬ ಷರತ್ತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗೋಡೆಯ ಹತ್ತಿರ ದ್ರವ ಕಣವನ್ನು ಹಿಡಿದು ನಿಧಾನಿಸುತ್ತದೆ, ಅದೂ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಕಣದ ಕೇಂದ್ರ ಗಾಜಿನಿಂದ ಐದು ತ್ರಿಜ್ಯ ದೂರ ಇದ್ದರೆ ಗಾಜಿಗೆ ಸಮಾನಾಂತರ ಚಲನೆ ಸುಮಾರು 11 ಶೇಕಡ ಕಡಿಮೆಯಾಗುತ್ತದೆ, ಮೇಲೆ ಕೆಳಗಿನ ಚಲನೆ ಸುಮಾರು 22 ಶೇಕಡ. ಇಪ್ಪತ್ತು ತ್ರಿಜ್ಯ ದಾಟಿದರೆ ಈ ವ್ಯತ್ಯಾಸ ಮೂರು ಶೇಕಡಕ್ಕೆ ಇಳಿಯುತ್ತದೆ. ಗೋಡೆಯ ಪರಿಣಾಮವನ್ನು ಕ್ಯಾಲಿಬ್ರೇಶನ್ ದೋಷ ಎಂದು ತಿಳಿದು ಗುಣಕ ಹಾಕಿದರೆ ಸರಿ ಇದ್ದದ್ದೂ ಕೆಡುತ್ತದೆ.

ಪರಿಹಾರ ಏನು? ಕಣಗಳು ಗಾಜಿನಿಂದ ಒಂದೆರಡು ಮೈಕ್ರಾನ್ ಒಳಗೇ ಇದ್ದರೆ ಆಯಿಲ್ ಆಬ್ಜೆಕ್ಟಿವ್ ಮತ್ತು ಗುಣಕ ಸಾಕು. ಅದಕ್ಕಿಂತ ಆಳಕ್ಕೆ ಹೋಗುವುದಾದರೆ ವಾಟರ್ ಅಥವಾ ಸಿಲಿಕೋನ್ ಆಬ್ಜೆಕ್ಟಿವ್‌ಗೆ ಬದಲಿಸಿ. ಅಪರ್ಚರ್ 1.4ರಿಂದ 1.2ಕ್ಕೆ ಇಳಿಯಿತಲ್ಲಾ ಎಂದು ಹಲವರು ಹಿಂಜರಿಯುತ್ತಾರೆ. ಕೆಟ್ಟ ಆಕಾರದ 1.4ಕ್ಕಿಂತ ಒಳ್ಳೆ ಆಕಾರದ 1.2 ಎಷ್ಟೋ ಮೇಲು. ಇನ್ನು ಕ್ಯಾಲಿಬ್ರೇಶನ್ ಬೀಡ್‌ಗಳನ್ನು ಅಗರೋಸ್ ಜೆಲ್‌ನಲ್ಲಿ ಹುದುಗಿಸಿ, ಪ್ರಯೋಗದ ಆಳದಲ್ಲೇ ಕ್ಯಾಲಿಬ್ರೇಟ್ ಮಾಡುವುದು ಒಳ್ಳೆ ಅಭ್ಯಾಸ. ತೆಳು ಅಗರೋಸ್‌ನ ವಕ್ರೀಭವನ ಸೂಚ್ಯಂಕ ನೀರಿಗೆ ಬಹಳ ಹತ್ತಿರ.

ಕವರ್‌ಸ್ಲಿಪ್ ಕೂಡ ನೋಡಿ. ಹೆಚ್ಚಿನ ಆಬ್ಜೆಕ್ಟಿವ್‌ಗಳು 0.17 ಮಿಲಿಮೀಟರ್ ದಪ್ಪಕ್ಕೆ ತಯಾರಾಗಿವೆ. ಕರೆಕ್ಷನ್ ಕಾಲರ್ (ಗಾಜಿನ ದಪ್ಪಕ್ಕೆ ಲೆನ್ಸನ್ನು ಹೊಂದಿಸಲು ತಿರುಗಿಸುವ ಬಳೆ) ಇದ್ದರೆ ಅದನ್ನು ಬೀಡ್ ನೋಡುತ್ತಾ ತಿರುಗಿಸಬೇಕು. ಮೇಲೆ ಬರೆದ ಅಂಕಿ ನೋಡಿ ಇಟ್ಟು ಬಿಡುವುದಲ್ಲ. ಫೋಕಸ್‌ನ ಎರಡೂ ಬದಿ ಸಮನಾಗಿ ಕಂಡಾಗ ನಿಲ್ಲಿಸಿ.

ಕ್ಯಾಲಿಬ್ರೇಶನ್ ಗೆರೆ ವಕ್ರವಾಗಿದೆ, ಅಥವಾ ಎರಡು ಸಲ ಎರಡು ಬಗೆ ಬರುತ್ತದೆ

ಸಿಲಿಂಡ್ರಿಕಲ್ ಲೆನ್ಸ್ ಹಾಕಿ ಚುಕ್ಕೆಯನ್ನು ಫೋಕಸ್‌ಗೆ ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ ಉದ್ದವಾಗಿಸುವ ಉಪಾಯವನ್ನು ಕಾವ್ ಮತ್ತು ವರ್ಕ್‌ಮನ್ 1994ರಲ್ಲಿ ಕಣ ಟ್ರ್ಯಾಕಿಂಗ್‌ಗೆ ತಂದರು. ಈಗಲೂ ಬಹಳ ಲ್ಯಾಬ್‌ಗಳಲ್ಲಿ ಇದೇ ನಡೆಯುವುದು, ಯಾಕಂದ್ರೆ ಬೇಕಾದದ್ದು ಒಂದು ಲೆನ್ಸ್ ಅಷ್ಟೇ. ಇದರಲ್ಲಿ ಬರುವ ದೋಷಗಳು ಕೆಲವು.

ಮೇಲೆ ಹೋಗುವಾಗ ಒಂದು ಗೆರೆ, ಕೆಳಗೆ ಬರುವಾಗ ಇನ್ನೊಂದು ಗೆರೆ ಬಂದರೆ ತಪ್ಪು ಪೀಜೊದ್ದು. ಸೆನ್ಸರ್ ಇಲ್ಲದ ಅಥವಾ ಕ್ಲೋಸ್ಡ್ ಲೂಪ್ (ಸೆನ್ಸರ್ ನೋಡಿ ಸ್ಥಾನ ತಿದ್ದಿಕೊಳ್ಳುವ ವ್ಯವಸ್ಥೆ) ಆಫ್ ಆಗಿರುವ ಪೀಜೊ ಹೇಳಿದಷ್ಟು ಚಲಿಸುವುದಿಲ್ಲ. ಮೆಟ್ಟಿಲು ಹತ್ತಿದ ಮೇಲೂ ಸ್ವಲ್ಪ ಹೊತ್ತು ತೆವಳುತ್ತಿರುತ್ತದೆ. ಕ್ಲೋಸ್ಡ್ ಲೂಪ್ ಹಾಕಿ, ಪ್ರತಿ ಮೆಟ್ಟಿಲಿನ ನಂತರ ಸ್ವಲ್ಪ ಕಾದು ಫ್ರೇಮ್ ತೆಗೆಯಿರಿ.

ಚೌಕಟ್ಟಿನ ನಡುವೆ ಒಂದು ಗೆರೆ, ಮೂಲೆಯಲ್ಲಿ ಇನ್ನೊಂದು ಗೆರೆ ಬಂದರೆ ಎರಡು ಸಾಧ್ಯತೆ. ಗೆರೆಗಳ ಆಕಾರ ಒಂದೇ ಇದ್ದು ಮೇಲೆ ಕೆಳಗೆ ಸರಿದಿದ್ದರೆ ಮಾದರಿ ಓರೆಯಾಗಿ ಕುಳಿತಿದೆ. ಸಮತಟ್ಟಾದ ತಲವನ್ನು ಹೊಂದಿಸಿ ಕಳೆಯಬಹುದು. ಆಕಾರವೇ ಬೇರೆ ಇದ್ದರೆ ಲೆನ್ಸ್‌ನ ಅಂಚಿನ ದೋಷ. ಆಗ ಮೂಲೆ ಬಿಟ್ಟು ನಡುಭಾಗ ಮಾತ್ರ ಬಳಸುವುದು ಸುಲಭ. ಜಾಗಕ್ಕೊಂದು ಕ್ಯಾಲಿಬ್ರೇಶನ್ ಮಾಡುವ ದಾರಿಯೂ ಇದೆ, ಆದರೆ ಅಷ್ಟು ಬೀಡ್ ಮತ್ತು ತಾಳ್ಮೆ ಬೇಕು.

ಕ್ಯಾಲಿಬ್ರೇಶನ್ ಬೀಡ್ ಮತ್ತು ಪ್ರಯೋಗದ ಕಣ ಬೇರೆ ಗಾತ್ರದ್ದಾಗಿದ್ದರೂ ತೊಂದರೆ. 100 ನ್ಯಾನೊಮೀಟರ್ ಬೀಡ್‌ನಲ್ಲಿ ಮಾಡಿದ ಗೆರೆಯನ್ನು 500 ನ್ಯಾನೊಮೀಟರ್ ಬೀಡ್‌ಗೆ ಹಾಕಿದರೆ, ದೊಡ್ಡ ಬೀಡ್‌ನ ಸ್ವಂತ ಅಗಲ ಸೇರಿಕೊಂಡು ಅದು ಯಾವಾಗಲೂ ಫೋಕಸ್‌ನಿಂದ ಹೊರಗಿದೆ ಎಂದೇ ಪ್ರೋಗ್ರಾಮ್ ತಿಳಿಯುತ್ತದೆ. ಬಣ್ಣಕ್ಕೂ ಇದೇ ಮಾತು. ಹಸಿರಿನಲ್ಲಿ ಮಾಡಿದ ಕ್ಯಾಲಿಬ್ರೇಶನ್ ಕೆಂಪಿಗೆ ನಡೆಯುವುದಿಲ್ಲ.

ಗೆರೆ ಪೂರ್ತಿ ಸರಿ ಇದ್ದು ದಿಕ್ಕು ಮಾತ್ರ ಉಲ್ಟಾ ಇರುವುದೂ ಉಂಟು. ಆಬ್ಜೆಕ್ಟಿವ್ ಮೇಲೆ ಹೋಗುವುದು ಮತ್ತು ಬೀಡ್ ಮೇಲೆ ಹೋಗುವುದು ಚುಕ್ಕೆಗೆ ವಿರುದ್ಧ ಪರಿಣಾಮ. ಮುಳುಗುವ ಸಿಲಿಕಾ ಬೀಡ್ ಹಾಕಿ ನೋಡಿ. ಅದು ಮೇಲೇರುತ್ತಿದೆ ಎಂದು ಗ್ರಾಫ್ ಹೇಳಿದರೆ ಚಿಹ್ನೆ ಬದಲಿಸಿ, ಮುಂದೆ ಹೋಗಿ.

ಟ್ರ್ಯಾಕ್ ತುಂಡಾಗುತ್ತಿದೆ

ಮೊದಲು ಲೆಕ್ಕ ಹಾಕಿ, ಆಮೇಲೆ ಪ್ರೋಗ್ರಾಮಿಗೆ ಬೈಯಿರಿ. ಸಿಲಿಂಡ್ರಿಕಲ್ ಲೆನ್ಸ್ ವಿಧಾನದಲ್ಲಿ ಕಣ ಕಾಣುವ ಆಳ ಹೆಚ್ಚುಕಡಿಮೆ ಒಂದು ಮೈಕ್ರಾನ್. ನಡುವಿನಿಂದ ಹೊರಟ 200 ನ್ಯಾನೊಮೀಟರ್ ಬೀಡ್ ನೀರಿನಲ್ಲಿ ಅರ್ಧ ಮೈಕ್ರಾನ್ ದಾಟಲು ಸರಾಸರಿ 0.06 ಸೆಕೆಂಡ್ ಸಾಕು. 10 ಮಿಲಿಸೆಕೆಂಡ್ ಫ್ರೇಮ್ ಆದರೆ ಆರು ಫ್ರೇಮ್. ಟ್ರ್ಯಾಕ್ ತುಂಡಾಗುತ್ತಿಲ್ಲ, ಕಣವೇ ಹೊರಟುಹೋಗಿದೆ.

ಇದರ ಹಿಂದೆ ಇನ್ನೊಂದು ಮೋಸ ಅಡಗಿದೆ. ಚಿಕ್ಕ ಟ್ರ್ಯಾಕ್‌ಗಳನ್ನು ಎಸೆದು ಉದ್ದದವುಗಳನ್ನು ಮಾತ್ರ ಇಟ್ಟುಕೊಂಡರೆ, ಉಳಿಯುವುದು ನಿಧಾನವಾಗಿ ಚಲಿಸಿದ ಕಣಗಳು. ಬೇಗ ಚಲಿಸಿದವು ಆಗಲೇ ಹೊರಗೆ. ಹೀಗಾಗಿ ಡಿಫ್ಯೂಷನ್ ನಿಜಕ್ಕಿಂತ ಕಡಿಮೆ ಬರುತ್ತದೆ, ಅದೂ ಝಡ್‌ನಲ್ಲಿ ಜಾಸ್ತಿ. ಟ್ರ್ಯಾಕ್‌ನ ಕನಿಷ್ಠ ಉದ್ದವನ್ನು 5, 10, 20 ಫ್ರೇಮ್ ಎಂದು ಬದಲಿಸಿ ಉತ್ತರ ಹೇಗೆ ಬದಲಾಗುತ್ತದೆ ನೋಡಿ. ಉತ್ತರ ಇಳಿಯುತ್ತಾ ಹೋದರೆ ಈ ದೋಷ ನಿಮ್ಮಲ್ಲಿದೆ. ಆಳ ಜಾಸ್ತಿ ಕೊಡುವ ವಿಧಾನಕ್ಕೆ ಹೋಗಬಹುದು. 2009ರಲ್ಲಿ ತೋರಿಸಿದ ಡಬಲ್ ಹೀಲಿಕ್ಸ್ ಚುಕ್ಕೆ (ಒಂದೇ ಕಣ ಜೋಡಿ ಚುಕ್ಕೆಯಾಗಿ ಕಂಡು, ಎತ್ತರ ಬದಲಾದಂತೆ ಆ ಜೋಡಿ ತಿರುಗುತ್ತದೆ) ಸುಮಾರು ಎರಡು ಮೈಕ್ರಾನ್ ಆಳ ಕೊಡುತ್ತದೆ. ಅಥವಾ ದ್ರವಕ್ಕೆ ಗ್ಲಿಸರಾಲ್ ಸೇರಿಸಿ ಕಣವನ್ನು ನಿಧಾನಿಸಿ. ಆದರೆ ಗ್ಲಿಸರಾಲ್ ಸೇರಿಸಿದರೆ ವಕ್ರೀಭವನ ಸೂಚ್ಯಂಕ ಬದಲಾಯಿತು, ಅಂದರೆ ಹಿಂದಿನ ಕ್ಯಾಲಿಬ್ರೇಶನ್ ಹೋಯಿತು.

ಲಿಂಕಿಂಗ್, ಅಂದರೆ ಒಂದು ಫ್ರೇಮಿನ ಕಣವನ್ನು ಮುಂದಿನ ಫ್ರೇಮಿನ ಕಣಕ್ಕೆ ಜೋಡಿಸುವುದು, ಅದರ ತಪ್ಪನ್ನು ಹಿಡಿಯಲು ಫ್ರೇಮಿನಿಂದ ಫ್ರೇಮಿಗೆ ಆದ ಜಿಗಿತಗಳ ಹಿಸ್ಟೋಗ್ರಾಮ್ ಬಿಡಿಸಿ. ಅದು ಎರಡೂ ಕಡೆ ಮೆಲ್ಲಗೆ ಸೊನ್ನೆಗೆ ಇಳಿಯಬೇಕು. ಗರಿಷ್ಠ ದೂರದ ಮಿತಿಯ ಹತ್ತಿರ ಕತ್ತರಿಸಿದ ಹಾಗೆ ನಿಂತರೆ ಮಿತಿ ಚಿಕ್ಕದಾಯಿತು. ಮಿತಿಯ ಹತ್ತಿರ ಮತ್ತೆ ಏರಿದರೆ ಪಕ್ಕದ ಕಣಗಳನ್ನು ತಪ್ಪಾಗಿ ಜೋಡಿಸುತ್ತಿದೆ. ಆಗ ಕಣಗಳ ಸಾಂದ್ರತೆ ಕಡಿಮೆ ಮಾಡಿ, ಅಥವಾ ಫ್ರೇಮ್ ದರ ಏರಿಸಿ. ಒಂದು ಫ್ರೇಮಿನಲ್ಲಿ ಕಣ ಸರಿಯುವ ದೂರ, ಪಕ್ಕದ ಕಣದ ದೂರಕ್ಕಿಂತ ಸಾಕಷ್ಟು ಚಿಕ್ಕದಿರಬೇಕು. ಈ ಷರತ್ತು ತಪ್ಪಿದರೆ ಯಾವ ಅಲ್ಗಾರಿದಮ್ ಬಂದರೂ ಉಪಯೋಗ ಇಲ್ಲ.

ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ಒಂದೊಂದೇ ಪದರ ತೆಗೆದು ಝಡ್ ಕಟ್ಟುವವರಿಗೆ ಬೇರೆಯದೇ ಕಾಟ. 30 ಮಿಲಿಸೆಕೆಂಡಿನ 20 ಪದರಕ್ಕೆ 0.6 ಸೆಕೆಂಡ್ ಬೇಕು. ಅಷ್ಟರಲ್ಲಿ ಅದೇ 200 ನ್ಯಾನೊಮೀಟರ್ ಬೀಡ್ ಒಂದೊಂದು ದಿಕ್ಕಿನಲ್ಲೂ ಸುಮಾರು 1.6 ಮೈಕ್ರಾನ್ ಸರಿದಿರುತ್ತದೆ. ಒಂದೇ ಕಣ ಎರಡಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ದಪ್ಪ ದ್ರವದಲ್ಲಿ, ಜೆಲ್‌ನಲ್ಲಿ ಈ ವಿಧಾನ ಚೆನ್ನಾಗಿದೆ. ನೀರಿನಲ್ಲಿ ಸಣ್ಣ ಕಣಕ್ಕೆ ಇದು ಸರಿಯಾದ ಉಪಕರಣ ಅಲ್ಲ.

ಸ್ಥಾನಗಳು ಗುಂಪುಗುಂಪಾಗಿ ಬರುತ್ತಿವೆ

ಎಕ್ಸ್ ಸ್ಥಾನದ ದಶಮಾಂಶ ಭಾಗವನ್ನು ಮಾತ್ರ, ಪಿಕ್ಸೆಲ್ ಲೆಕ್ಕದಲ್ಲಿ, ಹಿಸ್ಟೋಗ್ರಾಮ್ ಮಾಡಿ. ಕಣಕ್ಕೆ ಪಿಕ್ಸೆಲ್ ಎಲ್ಲಿದೆ ಎಂದು ಗೊತ್ತಿಲ್ಲ, ಹಾಗಾಗಿ ಅದು ಸಪಾಟಾಗಿರಬೇಕು. ನಡುವೆ ಅಥವಾ ಅಂಚಿನಲ್ಲಿ ಗುಡ್ಡ ಎದ್ದರೆ ಲೆಕ್ಕ ಪಿಕ್ಸೆಲ್‌ಗೆ ಅಂಟಿಕೊಂಡಿದೆ. ಕಣ ಹುಡುಕುವ ಚೌಕ ಚಿಕ್ಕದಾಗಿರಬಹುದು, ಅಥವಾ ಪಿಕ್ಸೆಲ್ ತೀರಾ ದೊಡ್ಡದು. 6.5 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ 60 ಪಟ್ಟು ವರ್ಧನೆಯಲ್ಲಿ ಮಾದರಿಯ ಮೇಲೆ 108 ನ್ಯಾನೊಮೀಟರ್ ಆಗುತ್ತದೆ. ಈ ಆಸುಪಾಸು ಇದ್ದರೆ ಸರಿ.

ಝಡ್‌ಗೂ ಇದೇ ಹಿಸ್ಟೋಗ್ರಾಮ್ ಮಾಡಿ. ತೇಲುವ ಕಣಗಳು ಒಂದೇ ಎತ್ತರದಲ್ಲಿ ಗುಂಪು ಕಟ್ಟಿದಂತೆ ಕಂಡರೆ, ಕ್ಯಾಲಿಬ್ರೇಶನ್ ಗೆರೆ ಆ ಜಾಗದಲ್ಲಿ ಸಪಾಟಾಗಿದೆಯೇ ನೋಡಿ. ಬರೀ ಅಗಲ ನೋಡಿ ಝಡ್ ಹೇಳುವ ವಿಧಾನದಲ್ಲಿ ಇದು ಫೋಕಸ್‌ನಲ್ಲೇ ಆಗುತ್ತದೆ. ಅಲ್ಲಿ ಸ್ವಲ್ಪ ಸರಿದರೂ ಅಗಲ ಬದಲಾಗುವುದಿಲ್ಲ, ಮೇಲೋ ಕೆಳಗೋ ಎಂದೂ ಗೊತ್ತಾಗುವುದಿಲ್ಲ. ಫೋಕಸನ್ನು ಬೇಕೆಂದೇ ಒಂದು ಕಡೆಗೆ ಸರಿಸಿ ಕೆಲಸ ಮಾಡುವುದು ಹಳೆಯ, ಒಳ್ಳೆಯ ಉಪಾಯ.

ಡಿಫ್ಯೂಷನ್ ಲೆಕ್ಕ ಹೊಂದುತ್ತಿಲ್ಲ

ಇಲ್ಲಿಯವರೆಗೆ ಎಲ್ಲ ಪಾಸಾಗಿದೆ, ಆದರೂ ಉತ್ತರ ಬೇರೆ. ಸರಾಸರಿ ವರ್ಗ ಸ್ಥಾನಪಲ್ಲಟದ (ಕಣ ಸರಿದ ದೂರದ ವರ್ಗದ ಸರಾಸರಿ, ಸಮಯದ ಜೊತೆ ಹೇಗೆ ಏರುತ್ತದೆ ಎಂಬುದರ) ಗೆರೆಯನ್ನು ಸೊನ್ನೆ ಸಮಯಕ್ಕೆ ಎಳೆದು, ಅದು ಅಕ್ಷವನ್ನು ಎಲ್ಲಿ ಮುಟ್ಟುತ್ತದೆ ನೋಡಿ. ಈ ಒಂದು ಅಂಕಿಯಲ್ಲಿ ಬಹಳ ಮಾಹಿತಿ ಇದೆ. ಸ್ಥಾನದ ನಾಯ್ಸ್ ಅದನ್ನು ಮೇಲೆತ್ತುತ್ತದೆ, ಪ್ರತಿ ಅಕ್ಷಕ್ಕೆ ನಾಯ್ಸ್‌ನ ವರ್ಗದ ಎರಡು ಪಟ್ಟು. ಎಕ್ಸ್‌ಪೋಷರ್ ವೇಳೆ ಕಣ ಸರಿದು ಮಸುಕಾಗುವುದು ಅದನ್ನು ಕೆಳಗೆಳೆಯುತ್ತದೆ, ಡಿಫ್ಯೂಷನ್ ಮತ್ತು ಎಕ್ಸ್‌ಪೋಷರ್‌ನ ಗುಣಲಬ್ಧದ ಮೂರನೇ ಎರಡರಷ್ಟು. ನಮ್ಮ 200 ನ್ಯಾನೊಮೀಟರ್ ಬೀಡ್‌ಗೆ 10 ಮಿಲಿಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ಆ ಇಳಿಕೆ 0.014 ಚದರ ಮೈಕ್ರಾನ್. ನಾಯ್ಸ್ 50 ನ್ಯಾನೊಮೀಟರ್ ಇದ್ದರೆ ಏರಿಕೆ 0.005. ಒಟ್ಟು ಋಣ ಬರುತ್ತದೆ. ಋಣ ಬಂತೆಂದು ಗಾಬರಿಯಾಗಿ ಗೆರೆಯನ್ನು ಬಲವಂತವಾಗಿ ಸೊನ್ನೆಗೆ ತರಬೇಡಿ. ಹಾಗೆ ಮಾಡಿದರೆ ಇಳಿಜಾರು ಕೆಡುತ್ತದೆ, ಡಿಫ್ಯೂಷನ್ ಕಡಿಮೆ ಬರುತ್ತದೆ. ಇಳಿಜಾರನ್ನು ಮೊದಲ ಕೆಲವು ಬಿಂದುಗಳಿಂದಲೇ ತೆಗೆಯಿರಿ. ಉದ್ದ ಸಮಯದ ಬಿಂದುಗಳಲ್ಲಿ ಸರಾಸರಿಗೆ ಸಿಗುವ ಮಾದರಿ ಕಡಿಮೆ.

ಗೆರೆ ನೇರ ಹೋಗದೆ ಮೇಲಕ್ಕೆ ಬಾಗಿದರೆ ಎಲ್ಲೋ ಹರಿವು ಅಥವಾ ಡ್ರಿಫ್ಟ್ ಉಳಿದಿದೆ. ಕೆಳಕ್ಕೆ ಬಾಗಿ ಸಪಾಟಾದರೆ ಕಣ ಸಿಕ್ಕಿಹಾಕಿಕೊಂಡಿದೆ ಎಂದು ಖುಷಿಪಡುವ ಮುಂಚೆ ಮತ್ತೊಮ್ಮೆ ಯೋಚಿಸಿ. ಝಡ್‌ನಲ್ಲಿ ಮಾತ್ರ ಹಾಗಾದರೆ ಅದು ನಿಮ್ಮ ಆಳದ ಮಿತಿಯೇ ಇರಬಹುದು. ಒಂದು ಮೈಕ್ರಾನ್ ಒಳಗೆ ಮಾತ್ರ ನೋಡಬಲ್ಲ ಉಪಕರಣಕ್ಕೆ ಎಲ್ಲ ಕಣಗಳೂ ಒಂದು ಮೈಕ್ರಾನ್ ಪಂಜರದಲ್ಲಿ ಇದ್ದಂತೆ ಕಾಣುತ್ತವೆ. ನೀರಿನಲ್ಲಿ ತೇಲುವ ಬೀಡ್‌ಗೂ ಅದೇ ಪಂಜರ ಕಂಡರೆ ಕಥೆ ಮುಗಿಯಿತು.

ಉಷ್ಣತೆಯನ್ನು ನಿಜವಾಗಿ ಅಳೆಯಿರಿ. 20 ಡಿಗ್ರಿಯಲ್ಲಿ 2.1 ಇದ್ದದ್ದು 25 ಡಿಗ್ರಿಯಲ್ಲಿ ಸುಮಾರು 2.45 ಆಗುತ್ತದೆ. ಹೆಚ್ಚಿನ ಪಾಲು ನೀರು ತೆಳುವಾಗುವುದರಿಂದ. ಕೋಣೆಯ ಥರ್ಮಾಮೀಟರ್ ಹೇಳುವುದು ಕೋಣೆಯ ಉಷ್ಣತೆ, ಮಾದರಿಯದ್ದಲ್ಲ.

ಉಳಿದವು ಚಿಕ್ಕಪುಟ್ಟ. ಟ್ರ್ಯಾಕ್‌ನ ಕೊನೆಗೆ ನಾಯ್ಸ್ ಏರುತ್ತಾ ಹೋದರೆ ಬಣ್ಣ ಸುಟ್ಟುಹೋಗುತ್ತಿದೆ, ಬೆಳಕು ಇಳಿಸಿ. ಎಣ್ಣೆಯಲ್ಲಿ ಗಾಳಿಗುಳ್ಳೆ ಇದ್ದರೆ ಒಂದು ಬದಿಯ ಚುಕ್ಕೆಗಳೆಲ್ಲ ಒಂದೇ ಕಡೆ ಬಾಲ ಬಿಡುತ್ತವೆ, ಒರೆಸಿ ಹೊಸದಾಗಿ ಹಾಕಿ. ಎರಡು ಬಗೆಯ ಎಣ್ಣೆ ಬೆರೆಸಬೇಡಿ. ಹೊಲೋಗ್ರಫಿ ವಿಧಾನದಲ್ಲಿ (ಕಣದ ಸುತ್ತ ಬೆಳಕು ಮೂಡಿಸುವ ಬಳೆಗಳಿಂದ ಎತ್ತರ ಲೆಕ್ಕ ಹಾಕುವುದು) ಚಲಿಸದ ಬಳೆಗಳು ಕಂಡರೆ ಅದು ಧೂಳು, ಕಣಗಳಿಲ್ಲದ ಹಿನ್ನೆಲೆ ಚಿತ್ರ ತೆಗೆದು ಭಾಗಿಸಿ.

ಕೊನೆಗೆ ಒಂದಕ್ಕೊಂದು ಅಂಟಿದ ಜೋಡಿ ಬೀಡ್‌ಗಳು. ಸಿಲಿಂಡ್ರಿಕಲ್ ಲೆನ್ಸ್ ವಿಧಾನದಲ್ಲಿ ಪಕ್ಕಪಕ್ಕ ನಿಂತ ಎರಡು ಬೀಡ್ ಉದ್ದನೆಯ ಒಂದು ಚುಕ್ಕೆಯಾಗಿ ಕಾಣುತ್ತವೆ. ಪ್ರೋಗ್ರಾಮ್ ಅದಕ್ಕೆ ಸಂಕೋಚವೇ ಇಲ್ಲದೆ ಒಂದು ಝಡ್ ಕೊಡುತ್ತದೆ, ಜೋಡಿ ತಿರುಗಿದಂತೆ ಆ ಝಡ್ ಮೇಲೆ ಕೆಳಗೆ ಆಡುತ್ತದೆ. ಹೊಳಪಿನ ಹಿಸ್ಟೋಗ್ರಾಮ್‌ನಲ್ಲಿ ಎರಡು ಪಟ್ಟು ಹೊಳಪಿನ ಕಡೆ ಎರಡನೇ ಗುಡ್ಡ ಇದೆಯೇ ನೋಡಿ. ಇದ್ದರೆ ಬೀಡ್ ದ್ರಾವಣವನ್ನು ಕೆಲವು ನಿಮಿಷ ಸೋನಿಕೇಟರ್‌ನಲ್ಲಿಟ್ಟು (ಶಬ್ದದ ಅಲೆಯಿಂದ ಅಂಟಿದ್ದನ್ನು ಬಿಡಿಸುವ ಯಂತ್ರ), ಹೊಸ ಚೇಂಬರ್ ಮಾಡಿ, ಮೊದಲನೇ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.